ನಲಿ-ಕಲಿ: ಆದೇಶಕ್ಕೆ ಮೊದಲಿನ ಕಥೆ

ಶಿಕ್ಷಣ ಸುಧಾರಣೆಯ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಆಯೋಗಗಳ ವರದಿ ಹಾಗೂ ಸರ್ಕಾರಿ ಆದೇಶಗಳಿಂದಲೇ ಬರೆಯುತ್ತ ಬಂದಿದ್ದೇವೆ. ನಲಿ-ಕಲಿ ಪದ್ಧತಿಯ ಮೊದಲ ಪುಟ ಮಾತ್ರ ಅಲ್ಲಿ ದೊರೆಯುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಪ್ರಾಥಮಿಕ ಶಾಲಾ ಶಿಕ್ಷಕರು ಯುನಿಸೆಫ್ ನೆರವಿನಿಂದ ಮದನಪಲ್ಲಿ ಸಮೀಪದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಕಾರ್ಡುಗಳ ಮೂಲಕ ನಡೆಯುತ್ತಿದ್ದ ಕಲಿಕೆಯನ್ನು ಕಂಡು ಬಂದರು. ಕಂಡದ್ದನ್ನು ನಕಲು ಮಾಡದೆ, ಕನ್ನಡದ ಕಾರ್ಡುಗಳನ್ನೂ ಹಾಡು-ಕಥೆಗಳನ್ನೂ ತಾವೇ ರಚಿಸಿಕೊಂಡರು. ಈ ಪದ್ಧತಿ ಬೇರೂರಿದ್ದಕ್ಕೆ ಇದೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ.

ಅವರು ಮಾಡಿದ ಒಂದು ಬದಲಾವಣೆ ಭಾಷಾಭ್ಯಾಸಿಗಳು ಗಮನಿಸಬೇಕಾದದ್ದು. ನಲಿ-ಕಲಿಯ ಮಗು ಅ, ಆ, ಇ, ಈ ಎಂದು ತೊಡಗುವುದಿಲ್ಲ. ರ, ಗ, ಸ, ದ, ಅ ಎಂದು ತೊಡಗುತ್ತದೆ. ಕೇಶಿರಾಜನ ಶಬ್ದಮಣಿದರ್ಪಣವನ್ನು ಪಾಠ ಹೇಳುವ ನನ್ನಂಥವರಿಗೆ ಇದು ಮೊದಲಿಗೆ ಅಪಚಾರವೆಂದೇ ತೋರಿತ್ತು. ಆದರೆ ಈ ಐದೇ ಅಕ್ಷರಗಳಲ್ಲಿ ಸರ, ಅರಸ, ಅಗಸ, ದಸರ ಎಂಬ ಪದಗಳು ಕೈಗೆ ಬರುತ್ತವೆ. ವರ್ಣಮಾಲೆ ಮುಗಿಯುವವರೆಗೆ ಮಗು ಓದಿಗೆ ಕಾಯಬೇಕಿಲ್ಲ. ವೈಯಾಕರಣನ ಕ್ರಮ ಉಚ್ಚಾರಣೆಯದು, ಶಿಕ್ಷಕನದು ಬಳಕೆಯದು. ಎರಡಕ್ಕೂ ಅವುಗಳದೇ ನ್ಯಾಯವಿದೆ.

ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ 'ತಟ್ಟೆ'ಗಳೆಂಬ ಗುಂಪುಗಳಲ್ಲಿ ಕುಳಿತು, ಕೆಲವೊಮ್ಮೆ ಶಿಕ್ಷಕರಿಂದ, ಕೆಲವೊಮ್ಮೆ ಗೆಳೆಯರಿಂದ ಕಲಿಯುತ್ತಾರೆ. ಇದೇನೂ ಪರದೇಶದ ಸರಕಲ್ಲ. 1789ರಿಂದ ಮದರಾಸಿನ ಅನಾಥಾಲಯವೊಂದನ್ನು ನಡೆಸಿದ ಆಂಡ್ರ್ಯೂ ಬೆಲ್, ಇಲ್ಲಿನ ಜಗುಲಿ ಶಾಲೆಯ ಮಕ್ಕಳು ಮರಳಿನ ಮೇಲೆ ಬರೆದು ಕಲಿಯುವುದನ್ನು ಕಂಡು ತನ್ನ ಶಾಲೆಗೂ ತಂದ. ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸಿದ. 1797ರಲ್ಲಿ ಆತ ಪ್ರಕಟಿಸಿದ ವರದಿಯಿಂದ ಅದು 'ಮದರಾಸ್ ಪದ್ಧತಿ'ಯೆಂದು ಇಂಗ್ಲೆಂಡಿನಲ್ಲಿ ಹೆಸರಾಯಿತು.

2009-10ರಲ್ಲಿ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆ ವಿಸ್ತರಿಸಿತು. ಒಂಟಿಮನೆಗಳ ಮಲೆನಾಡಿಗೆ, ಕೊಪ್ಪ ತಾಲ್ಲೂಕಿನ ಕಮ್ಮರಡಿಯಂತಹ ಕಡೆಗೆ, ಬಹುವರ್ಗ ಬೋಧನೆ ಒಗ್ಗುವಂಥದೇ. ಆದರೆ ಕೋಟೆಯ ಶಿಕ್ಷಕರು ಕಾರ್ಡು ಬರೆದವರು. ಉಳಿದವರು ಅಚ್ಚಾದ ಕಾರ್ಡನ್ನು ಪಡೆದವರು. ನಲಿ-ಕಲಿ ಕೋಣೆಯಲ್ಲಿ ಮಗು ಆಯಾ ದಿನದ ಹವೆಯನ್ನು ಗುರುತಿಸುವ ನಕ್ಷೆಯೊಂದಿರುತ್ತದೆ. ಆಷಾಢದ ಕಮ್ಮರಡಿಯಲ್ಲಿ ಆ ಮಗು ದಿನವೂ ಗುರುತಿಸುವುದು ಒಂದೇ ಮಳೆಯನ್ನು. ಮನೆಯ ಹಿರಿಯರ ಬಾಯಲ್ಲಾದರೋ ಅದು ಆರಿದ್ರೆ, ಪುನರ್ವಸು, ಪುಷ್ಯ. ಈ ಹೆಸರುಗಳನ್ನು ಬರೆದು ನಕ್ಷೆಗೆ ಸೇರಿಸಬಲ್ಲವರು ಅಲ್ಲಿನ ಶಿಕ್ಷಕರೇ.