ಕತ್ಯಾಲ್ ಡಾಕ್ಟರರ ಎರಡು ಊರುಗಳು

ಗಾಂಧೀಜಿ ಮತ್ತು ಚಾರ್ಲಿ ಚಾಪ್ಲಿನ್ ಒಟ್ಟಿಗಿರುವ ಫೋಟೊ ಬಹಳ ಜನರಿಗೆ ಗೊತ್ತು. ತೆಗೆದದ್ದು 1931ರ ಸೆಪ್ಟೆಂಬರ್ 22ರಂದು, ಲಂಡನ್ನಿನ ಪೂರ್ವ ಭಾಗದ ಕ್ಯಾನಿಂಗ್ ಟೌನ್‌ನಲ್ಲಿ. ದುಂಡುಮೇಜಿನ ಸಭೆಗೆ ಹೋಗಿದ್ದ ಗಾಂಧೀಜಿ ಆಗ ಅಲ್ಲಿಯ ಬಡವರ ಕೇರಿಯಲ್ಲೇ ಉಳಿದುಕೊಂಡಿದ್ದರು. ಚಾಪ್ಲಿನ್ನರ ಒಂದು ಸಿನಿಮಾವನ್ನೂ ಅವರು ನೋಡಿರಲಿಲ್ಲ. ಇಬ್ಬರೂ ಯಂತ್ರಗಳ ಬಗ್ಗೆ ಮಾತಾಡಿದರು. ಈ ಭೇಟಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆ ಮನೆ ಯಾರದು ಎಂದು ಕೇಳುವವರು ಕಡಿಮೆ.

ಮನೆ ಡಾ. ಚುನಿ ಲಾಲ್ ಕತ್ಯಾಲ್ ಅವರದು. ಹುಟ್ಟಿದ್ದು 1898ರಲ್ಲಿ, ಪಂಜಾಬಿನಲ್ಲಿ. ಲಾಹೋರಿನಲ್ಲಿ ವೈದ್ಯಕೀಯ ಓದಿ, ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿ ಕೆಲಸ ಮಾಡಿ, 1927ರಲ್ಲಿ ಹೆಚ್ಚಿನ ಓದಿಗೆಂದು ಬ್ರಿಟನ್ನಿಗೆ ಹೋದವರು ಅಲ್ಲೇ ನಿಂತರು. ಬೋರ್ಡು ಹಾಕಿದ್ದು ಹಡಗುಕಟ್ಟೆಯ ಕೂಲಿಗಳು ತುಂಬಿದ್ದ ಕ್ಯಾನಿಂಗ್ ಟೌನ್‌ನಲ್ಲಿ.

ಆ ಕಾಲದ ಬ್ರಿಟನ್ನಿನಲ್ಲಿ ಆರೋಗ್ಯ ವಿಮೆ ಇತ್ತು. 1911ರ ಕಾಯ್ದೆಯಂತೆ ದುಡಿಯುವವನ ಸಂಬಳದಿಂದ ವಾರವಾರ ಒಂದಿಷ್ಟು ಕಡಿತವಾಗುತ್ತಿತ್ತು, ಅವನಿಗೆ ಡಾಕ್ಟರು ಸಿಗುತ್ತಿದ್ದರು. ಆದರೆ ಅವನ ಹೆಂಡತಿ ಮಕ್ಕಳಿಗೆ ಆ ವಿಮೆಯಲ್ಲಿ ಡಾಕ್ಟರಿರಲಿಲ್ಲ. ತಾಯಿಗೆ ಕೆಮ್ಮು ಹತ್ತಿದರೆ, ಮಗುವಿನ ಕಾಲು ಸೊಟ್ಟಗಾದರೆ, ಕೈಯಿಂದ ಕಾಸು ಕೊಡಬೇಕು, ಇಲ್ಲವೇ ಧರ್ಮಾಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಕು. ಒಂದೇ ಒದ್ದೆ ಕೋಣೆಯಲ್ಲಿ ಮಲಗುವ ಸಂಸಾರದಲ್ಲಿ ಕ್ಷಯ ಮಾತ್ರ ಯಾರ ಹೆಸರಲ್ಲಿ ವಿಮೆ ಇದೆ ಎಂದು ನೋಡುತ್ತಿರಲಿಲ್ಲ.

ಕತ್ಯಾಲ್ ಮುಂದೆ ಫಿನ್ಸ್‌ಬರಿಗೆ ಬಂದರು. 1892ರಲ್ಲಿ ಐದೇ ಮತಗಳ ಅಂತರದಿಂದ ದಾದಾಭಾಯಿ ನವರೋಜಿಯವರನ್ನು ಪಾರ್ಲಿಮೆಂಟಿಗೆ ಕಳಿಸಿದ ಊರು ಅದು. 1934ರಲ್ಲಿ ಕತ್ಯಾಲ್ ಲೇಬರ್ ಪಕ್ಷದಿಂದ ಕೌನ್ಸಿಲರ್ ಆಗಿ ಗೆದ್ದು, ಸಾರ್ವಜನಿಕ ಆರೋಗ್ಯ ಸಮಿತಿಯ ಅಧ್ಯಕ್ಷರಾದರು. ಬೇರೆ ಬೇರೆ ಕಡೆ ಚದುರಿದ್ದ ಚಿಕಿತ್ಸೆಗಳನ್ನೆಲ್ಲ ಒಂದೇ ಸೂರಿನಡಿ ತರುವುದು ಅವರ ಯೋಚನೆ. ಕಟ್ಟಡಕ್ಕೆ ಅವರು ಹಿಡಿದದ್ದು ಬರ್ತೊಲ್ಡ್ ಲುಬೆಟ್ಕಿನ್ ಎಂಬ ವಾಸ್ತುಶಿಲ್ಪಿಯನ್ನು. ಜಾರ್ಜಿಯಾದಿಂದ ಬಂದ ಲುಬೆಟ್ಕಿನ್ ಕೂಡ ವಲಸೆಗಾರರೇ.

1938ರ ಅಕ್ಟೋಬರ್ 21ರಂದು ಫಿನ್ಸ್‌ಬರಿ ಆರೋಗ್ಯ ಕೇಂದ್ರ ತೆರೆಯಿತು. ಎರಡೂ ಕೈ ಚಾಚಿ ಬರಮಾಡಿಕೊಳ್ಳುವಂತೆ ಕಾಣುವ ಕಟ್ಟಡ, ಒಳಗೆ ಬೇಕಾದಷ್ಟು ಬೆಳಕು. ಕ್ಷಯದ ಚಿಕಿತ್ಸಾಲಯ, ಹಲ್ಲಿನ ಡಾಕ್ಟರು, ಕಾಲುನೋವಿನವರಿಗೆ ಬೇರೆ ವಿಭಾಗ, ಬಿಸಿಲು ಕಾಣದ ಮಕ್ಕಳಿಗೆ ಕೃತಕ ಬಿಸಿಲಿನ ಕೋಣೆ, ತಿಗಣೆ ಹತ್ತಿದ ಹಾಸಿಗೆ ಬಟ್ಟೆ ಶುದ್ಧಮಾಡುವ ಜಾಗ, ಎಲ್ಲವೂ ಅಲ್ಲಿದ್ದವು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಗಲು ಇನ್ನೂ ಹತ್ತು ವರ್ಷ ಬಾಕಿಯಿತ್ತು. ಅದೇ 1938ರ ಕೊನೆಗೆ ಕತ್ಯಾಲ್ ಫಿನ್ಸ್‌ಬರಿಯ ಮೇಯರ್ ಆದರು. ದಕ್ಷಿಣ ಏಷ್ಯಾ ಮೂಲದವರೊಬ್ಬರು ಬ್ರಿಟನ್ನಿನಲ್ಲಿ ಮೇಯರ್ ಆದದ್ದು ಅದೇ ಮೊದಲು.

ಯುದ್ಧಕಾಲದಲ್ಲಿ ಏಬ್ರಮ್ ಗೇಮ್ಸ್ ಎಂಬ ಕಲಾವಿದ ಸೈನಿಕರಿಗಾಗಿ ಒಂದು ಪೋಸ್ಟರ್ ಬರೆದರು. ಹಿಂದೆ ಪಾಳುಗೋಡೆ, ಅಲ್ಲಿ ನಿಂತ ರೋಗಿ ಹುಡುಗ. ಮುಂದೆ ಬೆಳ್ಳಗೆ ಹೊಳೆಯುವ ಫಿನ್ಸ್‌ಬರಿ ಕೇಂದ್ರ. ಇಂಥ ಬ್ರಿಟನ್ನಿಗಾಗಿ ಹೋರಾಡಿ ಎಂಬುದು ಅದರ ಕರೆ. ದೇಶದ ಬಡತನವನ್ನು ಹಾಗೆ ತೋರಿಸಿದ್ದು ಪ್ರಧಾನಿ ಚರ್ಚಿಲ್‌ಗೆ ಹಿಡಿಸಲಿಲ್ಲ. ಪೋಸ್ಟರನ್ನು ತೆಗೆಸಿದರು.

ಸ್ವಾತಂತ್ರ್ಯ ಬಂದ ಮೇಲೆ ಕತ್ಯಾಲರಿಗೆ ತಾಯ್ನಾಡಿನ ಕರೆ ಬಂತು. 1944ರಲ್ಲಿ ಪ್ರೊ. ಬಿ. ಪಿ. ಅದರ್ಕರ್ ಕೊಟ್ಟ ವರದಿಯ ತಳಹದಿಯ ಮೇಲೆ ಕಾರ್ಖಾನೆ ಕಾರ್ಮಿಕರಿಗಾಗಿ 1948ರಲ್ಲಿ ಕಾಯ್ದೆಯೊಂದು ಬಂದಿತ್ತು. ಅದನ್ನು ಜಾರಿಗೆ ತರಬೇಕಾದ ಸಂಸ್ಥೆಗೆ ಕತ್ಯಾಲ್ ಮೊದಲ ಮಹಾನಿರ್ದೇಶಕರಾದರು. ಇವತ್ತು ಪೀಣ್ಯದಿಂದ ಪಿಂಪ್ರಿವರೆಗೆ ಕಾರ್ಮಿಕರು ಇಎಸ್‌ಐ ಎಂದು ಕರೆಯುವುದು ಅದನ್ನೇ.

1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ನೆಹರೂ ಯೋಜನೆಯನ್ನು ಉದ್ಘಾಟಿಸಿದರು. ವೇದಿಕೆಯ ಮೇಲೆ ಕತ್ಯಾಲ್ ಇದ್ದರು. ಅದೇ ದಿನ ದೆಹಲಿಯಲ್ಲೂ ಶುರುವಾಯಿತು. ಎರಡೂ ಊರು ಸೇರಿ ಮೊದಲಿಗೆ ವಿಮೆಗೆ ಒಳಪಟ್ಟವರು ಸುಮಾರು 1.20 ಲಕ್ಷ ಮಂದಿ.

ಆದರೆ ಇಲ್ಲಿಯೂ ಆರಂಭದಲ್ಲಿ ಚಿಕಿತ್ಸೆ ಕಾರ್ಡು ಹಿಡಿದ ಕಾರ್ಮಿಕನಿಗೆ ಮಾತ್ರ. ಕ್ಯಾನಿಂಗ್ ಟೌನ್‌ನ ಹೆಂಗಸರು ನಿಂತಿದ್ದ ಹೊಸ್ತಿಲಲ್ಲೇ ಕಾನ್ಪುರದ ಹೆಂಗಸರೂ ನಿಂತರು. ಕುಟುಂಬಗಳಿಗೆ ಬಾಗಿಲು ತೆರೆಯತೊಡಗಿದ್ದು 1958ರಲ್ಲಿ. ಯೋಜನೆ ಬೆಂಗಳೂರಿಗೆ ಬಂದದ್ದೂ ಅದೇ ವರ್ಷ. ಅಷ್ಟರಲ್ಲಿ ಕತ್ಯಾಲ್ ಆ ಹುದ್ದೆ ಬಿಟ್ಟು ವರ್ಷಗಳಾಗಿದ್ದವು. ಮುಂದೆ ಅವರು ಮತ್ತೆ ಲಂಡನ್ನಿಗೆ ಹೋದರು, 1978ರಲ್ಲಿ ಅಲ್ಲೇ ತೀರಿಕೊಂಡರು.

ಫಿನ್ಸ್‌ಬರಿಯ ಕಟ್ಟಡವನ್ನು ಕೆಲವು ವರ್ಷಗಳ ಹಿಂದೆ ಮಾರುವ ಮಾತು ಬಂದಾಗ ಆ ಊರಿನ ಜನ ಹಟ ಹಿಡಿದು ತಡೆದರು. ಇಲ್ಲಿ ಇಎಸ್‌ಐ ಔಷಧಾಲಯಗಳ ಉದ್ದನೆಯ ಸಾಲು, ಸಿಗದ ಮಾತ್ರೆ, ಅಲೆದಾಟದ ಬಗ್ಗೆ ದೂರುಗಳಿಗೆ ಬರವಿಲ್ಲ. ಅವು ಸುಳ್ಳೂ ಅಲ್ಲ. ಆದರೂ ಮಗುವನ್ನು ಎತ್ತಿಕೊಂಡು ಆ ಸಾಲಿನಲ್ಲಿ ನಿಂತ ತಾಯಿ ಧರ್ಮಕ್ಕೆ ಕೇಳುತ್ತಿಲ್ಲ. ಅವಳ ಮನೆಯವರ ಸಂಬಳದಿಂದ ಹಣ ಕಡಿತವಾಗಿದೆ, ಅವಳ ಹೆಸರು ಕಾರ್ಡಿನಲ್ಲಿದೆ.