ಋಣಭಾರ ಮತ್ತು ಮಾರಾಟ: ಕರ್ನಾಟಕ ವಲಯದ ದೂರಸಂಪರ್ಕ ಕಂಪನಿಗಳ ಒಂದು ಅಧ್ಯಯನ

1. ಪ್ರಶ್ನೆ

ಉಡುಪಿ ಜಿಲ್ಲೆಯ ಇನ್ನಂಜೆಯಲ್ಲಿ ಐವತ್ತು ಸೆಂಟ್ಸ್ ಗದ್ದೆ ಮಾರಾಟಕ್ಕಿದೆ ಎಂದಿಟ್ಟುಕೊಳ್ಳೋಣ. ಕೊಳ್ಳುವವರು ಮೊದಲು ಕೇಳುವುದು ಆರ್‌ಟಿಸಿ, ಅಂದರೆ ಪಹಣಿ. ಅದರ 11ನೇ ಕಾಲಂನಲ್ಲಿ ಸೊಸೈಟಿಯ ಸಾಲವೋ ಬ್ಯಾಂಕಿನ ಅಡಮಾನವೋ ನಮೂದಾಗಿದ್ದರೆ ಅದು ತೀರಿದ ಮೇಲೆಯೇ ನೋಂದಣಿಯ ಮಾತು. ತೀರಲು ಐದು ವರ್ಷ ಹಿಡಿದರೂ ಗದ್ದೆ ಇದ್ದಲ್ಲೇ ಇರುತ್ತದೆ. ಮೊಬೈಲ್ ಕಂಪನಿಯ ಆಸ್ತಿ ಹೀಗೆ ಕಾಯುವುದಿಲ್ಲ. ಅದರ ಗ್ರಾಹಕರು, 2011ರ ಜನವರಿ 20ರಂದು ದೇಶಾದ್ಯಂತ ಜಾರಿಗೆ ಬಂದ ಪೋರ್ಟಿಂಗ್ ಸೌಲಭ್ಯದಿಂದಾಗಿ, ಹಳೆಯ ನಂಬರನ್ನೇ ಇಟ್ಟುಕೊಂಡು ಬೇರೆ ಕಂಪನಿಗೆ ಹೋಗಬಲ್ಲರು. ತರಂಗಾಂತರದ ಹಕ್ಕಿಗೆ ಸರ್ಕಾರ ಅವಧಿ ಕಟ್ಟಿದೆ. ಇಂಥ ಆಸ್ತಿಯ ಮೇಲೆ ಭಾರೀ ಸಾಲ ಕೂತಾಗ ಅದರ ಮಾರಾಟಕ್ಕೆ ಏನಾಗುತ್ತದೆ ಎಂಬುದು ಈ ಲೇಖನದ ಪ್ರಶ್ನೆ. ಮಾರಾಟವನ್ನು ಕೆಡಿಸುವುದು ಸಾಲದ ಮೊತ್ತವೊಂದೇ ಅಲ್ಲ. ಆ ಸಾಲ ಎಷ್ಟು ಜನರ ಕೈಗೆ ತಡೆಯುವ ಅಧಿಕಾರ ಕೊಟ್ಟಿದೆ, ಅವರೆಲ್ಲ ಒಪ್ಪುವಷ್ಟರಲ್ಲಿ ಎಷ್ಟು ಕಾಲ ಕಳೆಯುತ್ತದೆ ಎಂಬುದೇ ನಿರ್ಣಾಯಕ ಎಂಬುದು ನನ್ನ ವಾದ.

2. ಒಂದೇ ಹರಾಜು, ಮೂರು ಗತಿ

2010ರ ಏಪ್ರಿಲ್ 9ರಿಂದ ಮೇ 19ರವರೆಗೆ ನಡೆದ 3ಜಿ ತರಂಗಾಂತರದ ಹರಾಜು ಈ ವಾದವನ್ನು ಪರೀಕ್ಷಿಸಲು ಒಳ್ಳೆಯ ಆಧಾರ. ಕರ್ನಾಟಕ ವಲಯದಲ್ಲಿ ಭಾರ್ತಿ ಏರ್‌ಟೆಲ್, ಟಾಟಾ ಮತ್ತು ಏರ್‌ಸೆಲ್ ಗೆದ್ದವು. ಮೂವರೂ ತೆತ್ತ ಬೆಲೆ ಒಂದೇ: ತಲಾ ಸುಮಾರು 1,580 ಕೋಟಿ ರೂಪಾಯಿ. ಏರ್‌ಸೆಲ್ ದೇಶದ 13 ವಲಯಗಳ 3ಜಿಗೆ ಒಟ್ಟು ಸುಮಾರು 6,500 ಕೋಟಿ ಕೊಟ್ಟಿತು. ಆ ಖರ್ಚಿಗೆ ತಕ್ಕ ಆದಾಯ ಹುಟ್ಟುವ ಮೊದಲೇ ಪೈಪೋಟಿ ದರಗಳನ್ನು ಇಳಿಸಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆ ಆರಂಭಿಸಿದ ಮೇಲೆ ಸಾಲದ ಕಂತು ಕಟ್ಟುವ ಶಕ್ತಿಯೇ ಕುಂದಿತು.

ಟಾಟಾ ಟೆಲಿಸರ್ವಿಸಸ್‌ನ ಹೆಗಲ ಮೇಲೂ ಹತ್ತಾರು ಸಾವಿರ ಕೋಟಿಯ ಸಾಲವಿತ್ತು. ಆದರೂ 2017ರ ಅಕ್ಟೋಬರ್ 12ರಂದು ಅದರ ಮೊಬೈಲ್ ವ್ಯವಹಾರ ಏರ್‌ಟೆಲ್‌ಗೆ ಹೋಗುವುದೆಂದು ಪ್ರಕಟವಾಗಿ, 2019ರ ಜುಲೈ 1ರಂದು ಹಸ್ತಾಂತರ ಪೂರ್ಣಗೊಂಡಿತು. ಷರತ್ತು ಸರಳವಾಗಿತ್ತು: ಬ್ಯಾಂಕ್ ಸಾಲವೆಲ್ಲ ಟಾಟಾ ಬಳಗದ್ದು, ತರಂಗಾಂತರದ ಬಾಕಿ ಕಂತುಗಳ ಒಂದು ಭಾಗವನ್ನು ಮಾತ್ರ ಏರ್‌ಟೆಲ್ ಹೊರುವುದು. ಏರ್‌ಟೆಲ್ ಈ ವ್ಯವಹಾರಕ್ಕೆ ನಗದು ಬೆಲೆ ಕೊಡಲಿಲ್ಲ. ಮಾರಿದವರಿಗೆ ಲಾಭವಾಗಲಿಲ್ಲ, ಆದರೆ ಮಾರಾಟವಾಯಿತು. ಬಳಗ ಸಾಲವನ್ನು ತನ್ನ ಮೇಲೆ ಎಳೆದುಕೊಂಡದ್ದರಿಂದ ಪ್ರಕಟಣೆಯ ವೇಳೆ ನಾಲ್ಕು ಕೋಟಿಗೂ ಹೆಚ್ಚು ಗ್ರಾಹಕರಿದ್ದ ವ್ಯವಹಾರ ಬ್ಯಾಂಕ್ ಸಾಲದ ಭಾರವಿಲ್ಲದೆ ಕೈ ಬದಲಾಯಿಸಿತು.

ಏರ್‌ಸೆಲ್‌ಗೆ ಅಂಥ ಆಸರೆ ಸಿಗಲಿಲ್ಲ. ರಿಲಯನ್ಸ್ ಕಮ್ಯುನಿಕೇಷನ್ಸ್ ಜತೆ ಅದರ ವಿಲೀನ 2016ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾಗಿ, 2017ರ ಅಕ್ಟೋಬರ್ 1ರಂದು ಮುರಿದುಬಿತ್ತು. ಐದು ತಿಂಗಳಲ್ಲಿ ಏರ್‌ಸೆಲ್ ದಿವಾಳಿ ಪ್ರಕ್ರಿಯೆಗೆ ಅರ್ಜಿ ಹಾಕಿತು. ಅಷ್ಟರಲ್ಲಿ ಗ್ರಾಹಕರು ಪೋರ್ಟ್ ಮಾಡಿಸಿಕೊಂಡು ಹೊರಟಿದ್ದರು. 2020ರ ಜೂನ್‌ನಲ್ಲಿ ಪರಿಹಾರ ಯೋಜನೆಗೆ ನ್ಯಾಯಮಂಡಳಿಯ ಒಪ್ಪಿಗೆ ಸಿಕ್ಕಿತಾದರೂ ಆ ವೇಳೆಗೆ ಮಾರಲು ಉಳಿದಿದ್ದ ಮುಖ್ಯ ಸ್ವತ್ತು ತರಂಗಾಂತರ. ಅದು ಕಂಪನಿಯದೋ ಸರ್ಕಾರದ್ದೋ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ, ಮತ್ತೆ ನ್ಯಾಯಮಂಡಳಿಗೆ ಮರಳಿತು. 2021ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ, ತರಂಗಾಂತರ ರಾಷ್ಟ್ರದ ನೈಸರ್ಗಿಕ ಸಂಪತ್ತು, ಸರ್ಕಾರದ ಬಾಕಿ ತೀರಿಸದೆ ಅದನ್ನು ವರ್ಗಾಯಿಸಲಾಗದು ಎಂದಿತು.

3. ಕಾಲ ತಿಂದ ಬೆಲೆ

ವಿಳಂಬದಿಂದ ಬೆಲೆ ಎಷ್ಟು ಇಳಿಯುತ್ತದೆಂಬುದನ್ನು ರಿಲಯನ್ಸ್ ಕಮ್ಯುನಿಕೇಷನ್ಸ್‌ನ ಟವರುಗಳು ತೋರಿಸುತ್ತವೆ. ಕಂಪನಿಯ ಸಾಲ 45,000 ಕೋಟಿ ರೂಪಾಯಿಯ ಆಸುಪಾಸಿನಲ್ಲಿತ್ತು. 2016ರ ಡಿಸೆಂಬರ್‌ನಲ್ಲಿ ಕೆನಡಾದ ಬ್ರೂಕ್‌ಫೀಲ್ಡ್ ಟವರ್ ವ್ಯವಹಾರದ ಶೇ. 51ರ ಪಾಲಿಗೆ 11,000 ಕೋಟಿ ಕೊಡಲು ಒಪ್ಪಿತ್ತು. ಏರ್‌ಸೆಲ್ ವಿಲೀನ ಮುರಿದ ಬೆನ್ನಿಗೆ ಅದೂ ಮುರಿಯಿತು. 2017ರ ಡಿಸೆಂಬರ್‌ನಲ್ಲಿ ಜಿಯೋ ಜತೆ ಆದ ಒಪ್ಪಂದದಲ್ಲಿ ತರಂಗಾಂತರ, ಸುಮಾರು 43,000 ಟವರು, 1.78 ಲಕ್ಷ ಕಿಲೋಮೀಟರ್ ಫೈಬರ್ ಎಲ್ಲ ಸೇರಿದ್ದವು. ಇಲ್ಲಿ ಬಾಗಿಲು ಕಾದು ನಿಂತವರು ಮೂವರು. ಅಡಮಾನ ಹಿಡಿದ ಬ್ಯಾಂಕುಗಳು. ತರಂಗಾಂತರದ ಬಾಕಿ ಕೇಳಿದ ದೂರಸಂಪರ್ಕ ಇಲಾಖೆ. ಸಲಕರಣೆ ನಿರ್ವಹಣೆಯ ಬಾಕಿಗಾಗಿ ನ್ಯಾಯಮಂಡಳಿಗೆ ಹೋದ ಎರಿಕ್ಸನ್. ಮೂವರಲ್ಲಿ ಒಬ್ಬರು ತಡೆದರೂ ಸಾಕಿತ್ತು. ಬಾಕಿ ತೀರಿಸದೆ ತರಂಗಾಂತರ ಕೈ ಬದಲಾಯಿಸಬಾರದೆಂಬುದು 2015ರ ನಿಯಮ. ಮಾರಿದರೆ ಮಾತ್ರ ಬಾಕಿ ತೀರಿಸಲು ಹಣ, ಬಾಕಿ ತೀರಿಸಿದರೆ ಮಾತ್ರ ಮಾರಾಟ: ಈ ಸಿಕ್ಕು ಬಿಡಲಿಲ್ಲ. 2019ರ ಮಾರ್ಚ್‌ನಲ್ಲಿ ಆ ಒಪ್ಪಂದವೂ ರದ್ದಾಯಿತು.

ಕೊನೆಗೆ ದಿವಾಳಿ ಸಂಹಿತೆಯಡಿ 2022ರ ಡಿಸೆಂಬರ್‌ನಲ್ಲಿ ಟವರು ಮತ್ತು ಫೈಬರನ್ನು ಜಿಯೋ ಬಳಗ ಪಡೆದದ್ದು ಸುಮಾರು 3,720 ಕೋಟಿಗೆ. ಕಬ್ಬಿಣ ಅದೇ, ಎತ್ತರ ಅದೇ. ಆದರೆ ಟವರಿನ ಬೆಲೆ ಕಬ್ಬಿಣದ್ದಲ್ಲ, ಅದರ ಮೇಲೆ ಆಂಟೆನಾ ಕಟ್ಟಿ ಬಾಡಿಗೆ ಕೊಡುವ ಕಂಪನಿಯದು. ಮುಖ್ಯ ಬಾಡಿಗೆದಾರನಾದ ರಿಲಯನ್ಸ್ ಕಮ್ಯುನಿಕೇಷನ್ಸೇ 2017ರ ಕೊನೆಗೆ ತನ್ನ ಮೊಬೈಲ್ ಸೇವೆಯ ಬಹುಭಾಗವನ್ನು ಮುಚ್ಚಿಬಿಟ್ಟಿತ್ತು.

4. ಹೋಲಿಕೆಗೊಂದು ಹಳೆಯ ಮಾರಾಟ

ಇದೇ ಕರ್ನಾಟಕ ವಲಯದಲ್ಲಿ 2008ರಲ್ಲಿ ಸ್ಪೈಸ್ ಎಂಬ ಮೊಬೈಲ್ ಕಂಪನಿ ಮಾರಾಟವಾದ ಬಗೆ ಬೇರೆ. ಹಿಂದಿನ ವರ್ಷ 46 ರೂಪಾಯಿಗೆ ಜನರಿಗೆ ನೀಡಿದ್ದ ಷೇರಿಗೆ ಐಡಿಯಾ 77.30 ರೂಪಾಯಿ ಕೊಟ್ಟು ಪ್ರವರ್ತಕರ ಶೇ. 40.8ರ ಪಾಲನ್ನು ಕೊಂಡಿತು. ಸ್ಪೈಸ್ ಆಗ ನಷ್ಟದಲ್ಲಿತ್ತು. ಆದರೆ ಕರ್ನಾಟಕ ಮತ್ತು ಪಂಜಾಬಿನಲ್ಲಿ ಅದರ ಗ್ರಾಹಕರು ಉಳಿದಿದ್ದರು, ಮಾರುವವರು ಸ್ವತಃ ಮಾಲೀಕರಾಗಿದ್ದರು. ನಷ್ಟವಿದ್ದ ಕಂಪನಿಗೂ ಒಳ್ಳೆಯ ಬೆಲೆ ಬಂದೀತು, ನಿರ್ಧಾರ ಒಂದೇ ಕೈಯಲ್ಲಿದ್ದರೆ.

5. ಕರಾವಳಿಯ ದುಡ್ಡು

ಈ ಲೆಕ್ಕ ನಮ್ಮೂರಿಗೆ ದೂರದ್ದಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಯೋಜನೆ ತಂದು, ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೆ ಹೋಗಿ ಉಳಿತಾಯ ಕೂಡಿಸಿತು. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕಟ್ಟಿದ ಆ ಕೆನರಾ ಬ್ಯಾಂಕ್ ರಿಲಯನ್ಸ್ ಕಮ್ಯುನಿಕೇಷನ್ಸ್‌ಗೆ ಸಾಲ ಕೊಟ್ಟ ಬ್ಯಾಂಕುಗಳಲ್ಲೊಂದು. ಹಾಗಾಗಿ ಟವರಿನ ಬೆಲೆ ಕುಸಿದಾಗ ಕರಗಿದ್ದು ಷೇರುದಾರರ ಹಣ ಮಾತ್ರವಲ್ಲ. ಮೀನುಗಾರರು, ಅಂಗಡಿಯವರು, ಬೀಡಿ ಕಟ್ಟುವವರು ನಂಬಿ ಇಟ್ಟ ಠೇವಣಿಯಿಂದ ಕಟ್ಟಿದ ಬ್ಯಾಂಕುಗಳ ಬಲವೂ ಹೌದು.

6. ತೀರ್ಮಾನ

ಮೇಲಿನ ಹೋಲಿಕೆಯಿಂದ ಎರಡು ಮಾತು ಸ್ಪಷ್ಟ. ಸಾಲ ಕೊಡುವ ದಿನವೇ ತರಂಗಾಂತರದ ಬಾಕಿ, ಬ್ಯಾಂಕಿನ ಅಡಮಾನ, ಸಲಕರಣೆಯವರ ಬಿಲ್ಲು ಇವುಗಳಲ್ಲಿ ಯಾವುದಕ್ಕೆ ಮೊದಲ ಹಕ್ಕು ಎಂಬುದು ಬರಹದಲ್ಲಿ ಇತ್ಯರ್ಥವಾಗಬೇಕು. ಕಂತು ತಪ್ಪಲು ತೊಡಗಿದ ಕೂಡಲೇ, ಗ್ರಾಹಕರು ಇನ್ನೂ ಉಳಿದಿರುವಾಗಲೇ, ಬ್ಯಾಂಕುಗಳು ಮಾರಾಟಕ್ಕೆ ಒಪ್ಪಬೇಕು. ಸಾಲದ ಪುಸ್ತಕವನ್ನು ಓದುವ ಬ್ಯಾಂಕ್ ಅಧಿಕಾರಿ ಬಾಕಿಯ ಅಂಕಿಯ ಜತೆಗೆ ಪ್ರತಿ ತಿಂಗಳೂ ಎಷ್ಟು ಗ್ರಾಹಕರು ಪೋರ್ಟ್ ಆಗಿ ಹೋದರೆಂಬ ಅಂಕಿಯನ್ನೂ ಓದಲಿ. ಆ ಸಂಖ್ಯೆ ಏರತೊಡಗಿದರೆ ಕಂಪನಿಯ ಬೆಲೆ ಇಳಿಯತೊಡಗಿದೆ ಎಂದೇ ಅರ್ಥ.