ವೈದ್ಯರ ಚೀಟಿಯ ಔಷಧಗಳ ದುರ್ಬಳಕೆ ಹಾಗೂ ಕೇಂದ್ರೀಕೃತ ದಾಖಲೆ ವ್ಯವಸ್ಥೆ: ಅಮೆರಿಕದ ರಾಜ್ಯಗಳ ಅನುಭವ

ವೈದ್ಯರ ಚೀಟಿಯ ಮೇರೆಗೆ ಮಾತ್ರ ಮಾರಾಟ ಮಾಡತಕ್ಕ ಔಷಧಗಳ ಪೈಕಿ ಕೆಲವು ಚಟ ಹಿಡಿಸುವ ಗುಣವುಳ್ಳವಾಗಿರುತ್ತವೆ. ಮಾರ್ಫಿನ್, ಆಕ್ಸಿಕೊಡೋನ್, ಕೋಡೀನ್ ಮುಂತಾದ ಅಫೀಮು ವರ್ಗದ ನೋವು ನಿವಾರಕಗಳು, ಆಲ್‌ಪ್ರಜೋಲಾಮ್, ಡಯಜೆಪಾಮ್ ಮುಂತಾದ ಶಾಮಕಗಳು ಹಾಗೂ ಕೆಲವು ಉತ್ತೇಜಕಗಳು ಈ ಗುಂಪಿಗೆ ಸೇರಿವೆ. ಇವು ಅಗತ್ಯ ಔಷಧಗಳೇ ಹೊರತು ನಿಷಿದ್ಧ ವಸ್ತುಗಳಲ್ಲ. ಆದರೆ ಒಬ್ಬನೇ ವ್ಯಕ್ತಿಯು ಹಲವು ವೈದ್ಯರಿಂದ ಚೀಟಿ ಬರೆಯಿಸಿಕೊಂಡು ಬೇರೆ ಬೇರೆ ಅಂಗಡಿಗಳಲ್ಲಿ ಕೊಂಡಾಗ, ಒಬ್ಬ ವೈದ್ಯರು ಬರೆದದ್ದು ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಈ ಕೊರತೆಯನ್ನು ನೀಗಿಸಲು ಅಮೆರಿಕ ಸಂಯುಕ್ತ ಸಂಸ್ಥಾನದ ರಾಜ್ಯಗಳು ಏರ್ಪಡಿಸಿರುವ ಕೇಂದ್ರೀಕೃತ ದಾಖಲೆಯನ್ನು ಅಲ್ಲಿ ಸಂಕ್ಷೇಪವಾಗಿ ‘ಪಿಡಿಎಂಪಿ’ ಎಂದು ಕರೆಯಲಾಗುತ್ತದೆ.

ಕಾರ್ಯವಿಧಾನ

ನಿಯಂತ್ರಿತ ಔಷಧವನ್ನು ವಿತರಿಸಿದ ಕೂಡಲೇ ಔಷಧ ಅಂಗಡಿಯವರು ರೋಗಿಯ ಹೆಸರು, ಜನ್ಮ ದಿನಾಂಕ, ಔಷಧದ ಹೆಸರು, ಪ್ರಮಾಣ, ಎಷ್ಟು ದಿನಗಳಿಗೆ ನೀಡಲಾಗಿದೆ ಎಂಬ ವಿವರ, ವೈದ್ಯರ ಗುರುತಿನ ಸಂಖ್ಯೆ ಇತ್ಯಾದಿಗಳನ್ನು ರಾಜ್ಯದ ಗಣಕ ದಾಖಲೆಗೆ ಕಳುಹಿಸತಕ್ಕದ್ದು. ಹೆಚ್ಚಿನ ರಾಜ್ಯಗಳಲ್ಲಿ ಇದಕ್ಕೆ ಒಂದು ದಿನದ ಅವಧಿ ಇರುತ್ತದೆ. ಒಕ್ಲಹೋಮಾ ರಾಜ್ಯದಲ್ಲಿ 2012ರಿಂದ ವಿತರಣೆಯಾದ ಕೆಲವೇ ನಿಮಿಷಗಳಲ್ಲಿ ದಾಖಲಾಗುವ ಏರ್ಪಾಡಿದೆ. ಮುಂದೆ ಅದೇ ರೋಗಿಯು ಬೇರೊಬ್ಬ ವೈದ್ಯರ ಬಳಿಗೆ ಹೋದಾಗ, ಸದರಿ ವೈದ್ಯರು ಚೀಟಿ ಬರೆಯುವ ಮೊದಲು ಹಿಂದಿನ ವಿತರಣೆಗಳ ಪಟ್ಟಿಯನ್ನು ಪರಿಶೀಲಿಸಬಹುದು.

ಪಟ್ಟಿಯಲ್ಲಿ ವೈದ್ಯರು ಗಮನಿಸುವುದು ಕೇವಲ ಮೋಸವನ್ನಲ್ಲ. ಅಫೀಮು ವರ್ಗದ ನೋವು ನಿವಾರಕ ಹಾಗೂ ನಿದ್ರೆಗಾಗಿ ನೀಡುವ ಶಾಮಕ ಇವೆರಡನ್ನು ಒಟ್ಟಿಗೆ ಸೇವಿಸಿದರೆ ಉಸಿರಾಟ ಕುಗ್ಗಿ ಪ್ರಾಣಾಪಾಯ ಸಂಭವಿಸಬಹುದು. ಇಬ್ಬರು ವೈದ್ಯರು ಪರಸ್ಪರ ತಿಳಿಯದೆ, ಸದುದ್ದೇಶದಿಂದಲೇ ಬರೆದ ಎರಡು ಚೀಟಿಗಳು ಹೀಗೆ ಅಪಾಯಕ್ಕೆ ಎಡೆಮಾಡುವುದುಂಟು. ಅಲ್ಲದೆ, ಬೇರೆ ಬೇರೆ ನೋವು ನಿವಾರಕಗಳ ದಿನದ ಒಟ್ಟು ಪ್ರಮಾಣವನ್ನು ಮಾರ್ಫಿನ್‌ಗೆ ಸಮನಾಗಿ ಲೆಕ್ಕ ಹಾಕಲಾಗುತ್ತದೆ. ಉದಾಹರಣೆಗೆ, ಬಾಯಿಯ ಮೂಲಕ ಸೇವಿಸುವ ಆಕ್ಸಿಕೊಡೋನ್ ಮಾರ್ಫಿನ್‌ಗಿಂತ ಒಂದೂವರೆ ಪಟ್ಟು ಪ್ರಬಲವೆಂದು ಗಣಿಸಲಾಗುವುದರಿಂದ, 20 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ 3 ಬಾರಿ ಸೇವಿಸಿದರೆ ಅದು 90 ಮಿಲಿಗ್ರಾಂ ಮಾರ್ಫಿನ್‌ಗೆ ಸಮ.

ಈ ದಾಖಲೆಗೆ ಮಿತಿಗಳೂ ಇವೆ. ಔಷಧ ಕೈಸೇರಿತೆಂಬುದನ್ನು ಅದು ತಿಳಿಸುತ್ತದೆಯೇ ಹೊರತು ಅದನ್ನು ಯಾರು ಸೇವಿಸಿದರೆಂಬುದನ್ನಲ್ಲ. ಕಳ್ಳಸಾಗಣೆಯ ಮಾಲು ಇದರಲ್ಲಿ ಕಾಣುವುದೇ ಇಲ್ಲ. ವ್ಯಸನ ಚಿಕಿತ್ಸಾ ಕೇಂದ್ರಗಳಲ್ಲಿ ನೀಡುವ ಮೆಥಡೋನ್, ಗೋಪ್ಯತೆಯ ನಿಯಮಗಳ ಕಾರಣ ಬಹುಕಾಲ ದಾಖಲಾಗುತ್ತಿರಲಿಲ್ಲ. 2020ರ ತಿದ್ದುಪಡಿಯ ತರುವಾಯ ರೋಗಿಯ ಒಪ್ಪಿಗೆಯ ಮೇರೆಗೆ ದಾಖಲಿಸಲು ಅವಕಾಶವಾಯಿತು.

ಮೂರು ಪ್ರತಿಗಳ ಚೀಟಿಯಿಂದ ಗಣಕದವರೆಗೆ

ಈ ವ್ಯವಸ್ಥೆಯು ಗಣಕಯಂತ್ರಕ್ಕಿಂತ ಹಳೆಯದು. ಕ್ಯಾಲಿಫೋರ್ನಿಯಾ ರಾಜ್ಯವು 1939ರಲ್ಲಿಯೇ ಇದನ್ನು ಆರಂಭಿಸಿತು. ಪ್ರಬಲ ಔಷಧಗಳನ್ನು ಸರ್ಕಾರ ಒದಗಿಸಿದ ಮೂರು ಪ್ರತಿಗಳ ನಮೂನೆಯಲ್ಲಿ ಬರೆಯಬೇಕಾಗಿತ್ತು. ಅದರ ಒಂದು ಪ್ರತಿ ಸರ್ಕಾರಕ್ಕೆ ಸಲ್ಲುತ್ತಿತ್ತು. ನ್ಯೂಯಾರ್ಕ್ ರಾಜ್ಯವು 1972ರ ಕಾಯಿದೆಯಡಿ ಇಂತಹ ಪ್ರತಿಗಳ ವಿವರವನ್ನು ರೋಗಿಗಳ ಹೆಸರು ಸಮೇತ ಗಣಕದಲ್ಲಿ ಸಂಗ್ರಹಿಸತೊಡಗಿದಾಗ, ಇದು ಖಾಸಗಿ ಜೀವನದ ಮೇಲಿನ ಅತಿಕ್ರಮಣವೆಂದು ರೋಗಿಗಳೂ ವೈದ್ಯರೂ ನ್ಯಾಯಾಲಯದ ಮೊರೆ ಹೋದರು. ‘ವೇಲನ್ ವಿರುದ್ಧ ರೋ’ ಎಂಬ ಈ ಪ್ರಕರಣದಲ್ಲಿ 1977ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಕಾಯಿದೆಯನ್ನು ಎತ್ತಿಹಿಡಿಯಿತು.

ಮೂರು ಪ್ರತಿಗಳ ಈ ನಮೂನೆ ವೈದ್ಯರಿಗೆ ಕಿರಿಕಿರಿಯ ಸಂಗತಿಯಾಗಿತ್ತು. ಆದರೆ ಆ ಕಿರಿಕಿರಿಯೇ ರಕ್ಷೆಯಾಗಿ ಪರಿಣಮಿಸಿದ್ದು ಇಲ್ಲಿ ವಿಶೇಷವಾಗಿ ಗಮನಾರ್ಹ. 1996ರಲ್ಲಿ ಪರ್ಡ್ಯೂ ಫಾರ್ಮಾ ಕಂಪನಿಯು ಆಕ್ಸಿಕೊಡೋನ್‌ನ ನಿಧಾನ ಬಿಡುಗಡೆಯ ಮಾತ್ರೆಯಾದ ಆಕ್ಸಿಕಾಂಟಿನ್ ಅನ್ನು ಮಾರುಕಟ್ಟೆಗೆ ತಂದಾಗ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಟೆಕ್ಸಾಸ್, ಇಲಿನಾಯ್ ಮತ್ತು ಐಡಹೊ ಈ 5 ರಾಜ್ಯಗಳಲ್ಲಿ ಸದರಿ ನಮೂನೆ ಜಾರಿಯಲ್ಲಿತ್ತು. ಇಂತಹ ರಾಜ್ಯಗಳ ವೈದ್ಯರು ಈ ಮಾತ್ರೆಯನ್ನು ಕಡಿಮೆ ಬರೆಯುವರೆಂದು ಕಂಪನಿಯೇ ಅಂದಾಜಿಸಿ, ಅಲ್ಲಿ ಪ್ರಚಾರವನ್ನು ಕಡಿಮೆ ಮಾಡಿತು. ಮಾತ್ರೆಯ ಬಳಕೆ ಆ ರಾಜ್ಯಗಳಲ್ಲಿ ಕಡಿಮೆಯಾಗಿಯೇ ಉಳಿಯಿತಲ್ಲದೆ, ನಮೂನೆ ರದ್ದಾದ ಎಷ್ಟೋ ವರ್ಷಗಳ ನಂತರವೂ ಮಿತಿಮೀರಿದ ಸೇವನೆಯ ಸಾವುಗಳ ಏರಿಕೆ ಇತರ ರಾಜ್ಯಗಳಿಗಿಂತ ನಿಧಾನವಾಗಿತ್ತೆಂದು 2022ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು ತೋರಿಸಿದೆ. ಈ ಮಾತ್ರೆಯ ಚಟದ ಅಪಾಯವನ್ನು ಮರೆಮಾಚಿ ಪ್ರಚಾರ ಮಾಡಿದ ಆರೋಪದಲ್ಲಿ ಪರ್ಡ್ಯೂ ಸಂಸ್ಥೆಯು 2007ರಲ್ಲಿ ತಪ್ಪೊಪ್ಪಿಕೊಂಡಿತು.

1990ರ ದಶಕದ ಆರಂಭದಲ್ಲಿ ಒಕ್ಲಹೋಮಾ ವಿದ್ಯುನ್ಮಾನ ದಾಖಲೆಗೆ ನಾಂದಿ ಹಾಡಿತು. 2002ರಿಂದ ಕೇಂದ್ರದ ಅನುದಾನ ದೊರೆತ ಮೇಲೆ ಇತರ ರಾಜ್ಯಗಳೂ ಅನುಸರಿಸಿದವು. ಮಿಸ್ಸೂರಿ ರಾಜ್ಯ ಕಟ್ಟಕಡೆಯದು: ಅಲ್ಲಿ ಕಾಯಿದೆಯಾದದ್ದು 2021ರಲ್ಲಿ.

ಪರಿಣಾಮ

ದಾಖಲೆ ಇದ್ದ ಮಾತ್ರಕ್ಕೆ ವೈದ್ಯರು ಅದನ್ನು ನೋಡುತ್ತಾರೆಂದು ಭಾವಿಸುವಂತಿಲ್ಲ. ನೋಡುವುದು ಐಚ್ಛಿಕವಾಗಿದ್ದ ಕಾಲದಲ್ಲಿ ಬಳಕೆ ತೀರಾ ಕಡಿಮೆ ಇತ್ತು. ಕೆಂಟಕಿ ರಾಜ್ಯವು 2012ರಲ್ಲಿ ಹಾಗೂ ನ್ಯೂಯಾರ್ಕ್ 2013ರಲ್ಲಿ ಪರಿಶೀಲನೆಯನ್ನು ಕಡ್ಡಾಯಗೊಳಿಸಿದ ಬಳಿಕವೇ ಹಲವು ವೈದ್ಯರನ್ನು ಸುತ್ತುವವರ ಸಂಖ್ಯೆ ಗಣನೀಯವಾಗಿ ಇಳಿಯಿತು. ರಾಷ್ಟ್ರಮಟ್ಟದಲ್ಲಿ 2012ರಲ್ಲಿ ಸುಮಾರು 25 ಕೋಟಿ 50 ಲಕ್ಷದಷ್ಟಿದ್ದ ಅಫೀಮು ವರ್ಗದ ಔಷಧ ಚೀಟಿಗಳು 2020ರ ವೇಳೆಗೆ ಸುಮಾರು 14 ಕೋಟಿ 20 ಲಕ್ಷಕ್ಕೆ ಇಳಿದವು. ಇದಕ್ಕೆ ಬೇರೆ ಕಾರಣಗಳೂ ಇವೆ. ಕೀರ್ತಿಯನ್ನೆಲ್ಲ ದಾಖಲೆಗೇ ಸಲ್ಲಿಸುವುದು ಸರಿಯಾಗಲಾರದು.

ಆದರೆ ಸಾವುಗಳು ಇಳಿಯಲಿಲ್ಲ. ಮಾತ್ರೆ ದುರ್ಲಭವಾದಾಗ ಚಟಕ್ಕೆ ಒಳಗಾಗಿದ್ದ ಅನೇಕರು ಹೆರಾಯಿನ್ ಕಡೆಗೆ ಹೊರಳಿದರು; 2013ರ ನಂತರ ಅಕ್ರಮವಾಗಿ ತಯಾರಾದ ಫೆಂಟನಿಲ್ ಹರಡಿತು. 2021ರಲ್ಲಿ ಮಾದಕ ವಸ್ತುಗಳ ಮಿತಿಮೀರಿದ ಸೇವನೆಯಿಂದ ಆ ದೇಶದಲ್ಲಿ 1 ಲಕ್ಷಕ್ಕೂ ಹೆಚ್ಚು ಜನ ಮೃತಪಟ್ಟರು. ಹೆಚ್ಚಿನವುಗಳಿಗೆ ಕಾರಣ ವೈದ್ಯರ ಚೀಟಿಯ ಔಷಧವಾಗಿರದೆ ಅಕ್ರಮ ಫೆಂಟನಿಲ್ ಆಗಿತ್ತು. ದಾಖಲೆಯಲ್ಲಿ ಸಂಶಯ ಕಂಡ ರೋಗಿಯನ್ನು ಹೊರಗೆ ಕಳುಹಿಸಿ, ಚಿಕಿತ್ಸೆಗೆ ಕಳುಹಿಸದಿದ್ದರೆ ಆತ ಎಲ್ಲಿಗೆ ಹೋಗುವನೆಂಬುದು ಇದರಿಂದ ತಿಳಿಯುತ್ತದೆ. ವ್ಯಸನಕ್ಕೆ ಬ್ಯೂಪ್ರೆನಾರ್ಫಿನ್, ಮೆಥಡೋನ್ ಮುಂತಾದ ಪರಿಣಾಮಕಾರಿ ಔಷಧ ಚಿಕಿತ್ಸೆ ಲಭ್ಯವಿದ್ದು, ದಾಖಲೆಯ ಪರಿಶೀಲನೆಯು ಅದಕ್ಕೆ ದಾರಿಯಾಗಬೇಕೆಂಬುದು ತಜ್ಞರ ಅಭಿಪ್ರಾಯ.

ನಿಜವಾದ ನೋವಿನಿಂದ ನರಳುವವರಿಗೂ ತೊಂದರೆಯಾಯಿತು. 2016ರ ರಾಷ್ಟ್ರೀಯ ಮಾರ್ಗಸೂಚಿಯಲ್ಲಿದ್ದ ದಿನಕ್ಕೆ 90 ಮಿಲಿಗ್ರಾಂ ಎಂಬ ಎಚ್ಚರಿಕೆಯ ಅಂಕಿಯನ್ನು ಕೆಲವೆಡೆ ದಾಟಬಾರದ ಗೆರೆಯೆಂದೇ ಅರ್ಥೈಸಿ, ವರ್ಷಗಟ್ಟಲೆ ಔಷಧ ಸೇವಿಸುತ್ತಿದ್ದವರಿಗೆ ಏಕಾಏಕಿ ನಿಲ್ಲಿಸಲಾಯಿತು. ಇದರಿಂದ ತೀವ್ರ ಯಾತನೆ ಹಾಗೂ ಆತ್ಮಹತ್ಯೆ ಸಂಭವಿಸಬಹುದೆಂದು ಅಲ್ಲಿನ ಔಷಧ ಆಡಳಿತವು 2019ರಲ್ಲಿ ಎಚ್ಚರಿಸಿತು. 2022ರ ಪರಿಷ್ಕೃತ ಮಾರ್ಗಸೂಚಿಯ ಶಿಫಾರಸುಗಳಲ್ಲಿ ಆ ಅಂಕಿಯನ್ನು ಕೈಬಿಡಲಾಗಿದೆ.

ನಮ್ಮ ದೇಶದಲ್ಲಿ

ಭಾರತದಲ್ಲಿ 1945ರ ಔಷಧ ನಿಯಮಗಳ ಅನುಸೂಚಿ ಹೆಚ್1 2014ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಆಲ್‌ಪ್ರಜೋಲಾಮ್, ಡಯಜೆಪಾಮ್, ಟ್ರಮಡಾಲ್ ಹಾಗೂ ಹಲವು ಪ್ರಬಲ ಪ್ರತಿಜೀವಕಗಳು ಇದರಲ್ಲಿವೆ. ಇವುಗಳನ್ನು ಮಾರುವಾಗ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧ ಹಾಗೂ ಪ್ರಮಾಣವನ್ನು ಪ್ರತ್ಯೇಕ ವಹಿಯಲ್ಲಿ ಬರೆದು 3 ವರ್ಷ ಕಾಪಾಡತಕ್ಕದ್ದು. ಅನುಸೂಚಿ ಎಕ್ಸ್‌ನ ಔಷಧಗಳಿಗೆ ಚೀಟಿ ಎರಡು ಪ್ರತಿಗಳಲ್ಲಿರತಕ್ಕದ್ದು. ಒಂದನ್ನು ಅಂಗಡಿಯವರು 2 ವರ್ಷ ಇಟ್ಟುಕೊಳ್ಳತಕ್ಕದ್ದು. ಈ ವಹಿಗಳು ಪರಿವೀಕ್ಷಕರ ತಪಾಸಣೆಗೆ ಉಪಯುಕ್ತವಾಗಿವೆ. ಆದರೆ ಒಂದು ಅಂಗಡಿಯ ವಹಿ ಪಕ್ಕದ ಅಂಗಡಿಗೆ ಕಾಣುವುದಿಲ್ಲ. ಅಮೆರಿಕದ ವ್ಯವಸ್ಥೆಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸವೇ ಅದು.

ಅತಿಯಾದ ಬಿಗಿಯ ಪರಿಣಾಮವನ್ನೂ ನಮ್ಮ ದೇಶ ಕಂಡಿದೆ. 1985ರ ಮಾದಕ ವಸ್ತುಗಳ ಕಾಯಿದೆಯ ತರುವಾಯ ಪರವಾನಗಿಗಳ ತೊಡಕಿನಿಂದಾಗಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಅಫೀಮು ಬೆಳೆಯುವ ದೇಶದಲ್ಲಿಯೇ ಕ್ಯಾನ್ಸರ್ ರೋಗಿಗಳಿಗೆ ಅದು ದೊರೆಯದಾಯಿತು. 2014ರ ತಿದ್ದುಪಡಿಯು ಈ ಪರವಾನಗಿಗಳನ್ನು ಸರಳಗೊಳಿಸಿತು.

ಸಾರ್ವಜನಿಕರ ಗಮನಕ್ಕೆ

ಅಮೆರಿಕದಲ್ಲಿರುವ ಮಕ್ಕಳ ಬಳಿಗೆ ತೆರಳುವ ಹಿರಿಯರು ಟ್ರಮಡಾಲ್, ಆಲ್‌ಪ್ರಜೋಲಾಮ್ ಮುಂತಾದವನ್ನು ಸೇವಿಸುತ್ತಿದ್ದಲ್ಲಿ, ಅವು ಅಲ್ಲಿಯೂ ನಿಯಂತ್ರಿತ ಔಷಧಗಳೆಂಬುದನ್ನು ಗಮನಿಸತಕ್ಕದ್ದು. ಮಾತ್ರೆಗಳನ್ನು ಮೂಲ ಪೊಟ್ಟಣದಲ್ಲಿಯೇ, ವೈದ್ಯರ ಚೀಟಿಯೊಡನೆ ಒಯ್ಯುವುದು ಸೂಕ್ತ. ಇಲ್ಲಿ ಕೊಂಡ ಔಷಧ ಅಲ್ಲಿನ ದಾಖಲೆಯಲ್ಲಿ ಇರುವುದಿಲ್ಲವಾದ್ದರಿಂದ, ಅಲ್ಲಿನ ವೈದ್ಯರಿಗೆ ತಾವಾಗಿಯೇ ತಿಳಿಸತಕ್ಕದ್ದು. ದೀರ್ಘಕಾಲ ಸೇವಿಸಿದ ನೋವು ನಿವಾರಕ ಅಥವಾ ನಿದ್ರೆಯ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ಹಠಾತ್ತನೆ ನಿಲ್ಲಿಸಬಾರದು. ಮನೆಯಲ್ಲಿ ಉಳಿದ ಮಾತ್ರೆಗಳನ್ನು ನೆರೆಹೊರೆಯವರಿಗೆ ನೀಡಬಾರದು. ಚಟದಿಂದ ಬಿಡುಗಡೆ ಬಯಸುವವರು ಹಾಗೂ ಅವರ ಕುಟುಂಬದವರು ವ್ಯಸನಮುಕ್ತಿ ಸಹಾಯವಾಣಿ 14446 ಅಥವಾ ಮಾನಸಿಕ ಆರೋಗ್ಯದ ಟೆಲಿ-ಮಾನಸ್ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದಾಗಿದೆ.